ಅರ್ಮೇನಿಯದ ಯುವ ಗ್ರ್ಯಾಂಡ್‌ಮಾಸ್ಟರ್ ಒಬ್ಬರ ಆಟವನ್ನು ವರ್ಷಪೂರ್ತಿ ಹಿಂಬಾಲಿಸುವುದು ಹೇಗೆ?

ಗುಕೇಶ್ ಒಂದು ಪಂದ್ಯ ಸೋತರೆ ಮರುದಿನದ ಪತ್ರಿಕೆಯಲ್ಲಿ ಓದುತ್ತೀರಿ. ಅರ್ಜುನ್ ಇರಿಗೇಶಿ ಗೆದ್ದರೆ ಮೊಬೈಲ್ ತಾನಾಗಿಯೇ ಹೇಳುತ್ತದೆ. ಆದರೆ ಅರ್ಮೇನಿಯದ ರಾಜಧಾನಿ ಯೆರೆವಾನ್‌ನ ಆಟಗಾರನೊಬ್ಬ ಈ ತಿಂಗಳು ಎಲ್ಲಿ ಆಡುತ್ತಿದ್ದಾನೆ, ಏರುತ್ತಿದ್ದಾನೋ ಇಳಿಯುತ್ತಿದ್ದಾನೋ ಎಂದು ತಿಳಿಯಬೇಕಾದರೆ ನಾವೇ ಹುಡುಕಿಕೊಂಡು ಹೋಗಬೇಕು. 2022ರಲ್ಲಿ ಚೆನ್ನೈನಲ್ಲಿ ಚೆಸ್ ಒಲಿಂಪಿಯಾಡ್, ಅಂದರೆ ದೇಶಗಳ ತಂಡಗಳು ಸೆಣಸುವ ಟೂರ್ನಿ, ಆದಾಗಿನಿಂದ ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಅದರಲ್ಲಿ ಆಶ್ಚರ್ಯವೂ ಇಲ್ಲ. ಅಲ್ಲಿ ಆರನೇ ಸುತ್ತಿನಲ್ಲಿ ಗುಕೇಶ್ ತಮ್ಮ ಪಂದ್ಯ ಗೆದ್ದರೂ ಭಾರತದ ಎರಡನೇ ತಂಡ ಅರ್ಮೇನಿಯಕ್ಕೆ ಸೋತಿತು. ಕೊನೆಗೆ ಬೆಳ್ಳಿ ಅರ್ಮೇನಿಯದ ಪಾಲಾಯಿತು, ನಮ್ಮ ಹುಡುಗರಿಗೆ ಕಂಚು. ಮೂವತ್ತು ಲಕ್ಷದಷ್ಟು ಜನರಿರುವ ದೇಶ ಅದು. ಬೆಂಗಳೂರಿನ ಒಂದು ಭಾಗದಲ್ಲೇ ಅಷ್ಟು ಜನರಿದ್ದಾರೆ.

ಈ ಲೇಖನದಲ್ಲಿ ಉದಾಹರಣೆಗೆ ಹೈಕ್ ಮಾರ್ತಿರೋಸ್ಯಾನ್ ಅವರನ್ನು ಇಟ್ಟುಕೊಂಡಿದ್ದೇನೆ. 2000ನೇ ಇಸವಿಯಲ್ಲಿ ಹುಟ್ಟಿದವರು, 2017ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದವರು. 2021ರ ವಿಶ್ವಕಪ್‌ನ ಮೂರನೇ ಸುತ್ತಿನಲ್ಲಿ ಅಜರ್‌ಬೈಜಾನಿನ ಶಖ್ರಿಯಾರ್ ಮಮೆದ್ಯಾರೊವ್ ಅವರನ್ನು ಹೊರಗಟ್ಟಿದರು. 2022ರ ಡಿಸೆಂಬರಿನಲ್ಲಿ ಆಲ್ಮಾಟಿಯಲ್ಲಿ ನಡೆದ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ ಮತ್ತು ನಕಾಮುರ ಅವರ ಹಿಂದೆಯೇ ಮೂರನೆಯವರಾಗಿ ನಿಂತರು. ನಿಮಗೆ ಬೇರೊಬ್ಬರು ಇಷ್ಟವಾದರೆ ಶಾಂತ್ ಸರ್ಗ್‌ಸ್ಯಾನ್, ಮಾನ್ವೆಲ್ ಪೆತ್ರೋಸ್ಯಾನ್, ಅರಾಮ್ ಹಕೋಬ್ಯಾನ್ ಇದ್ದಾರೆ. ಯಾರನ್ನು ಆರಿಸಿದರೂ ದಾರಿ ಒಂದೇ.

ಶುರು ಮಾಡುವ ಮುನ್ನ

ಬೇಕಾಗುವುದು ಕಡಿಮೆ: ಇಂಟರ್ನೆಟ್ ಇರುವ ಮೊಬೈಲ್ ಅಥವಾ ಕಂಪ್ಯೂಟರ್, ಲಿಚೆಸ್ ತಾಣದಲ್ಲಿ ಒಂದು ಉಚಿತ ಖಾತೆ, ಒಂದು ನೋಟ್‌ಪುಸ್ತಕ. ದುಡ್ಡು ಕೊಟ್ಟು ಕೊಳ್ಳುವ ಡೇಟಾಬೇಸ್ ತಂತ್ರಾಂಶ ಮೊದಲ ವರ್ಷ ಬೇಕಾಗಿಲ್ಲ. ಚೆಸ್ ನಡೆಗಳನ್ನು ಬರೆಯುವ ಕ್ರಮ ಗೊತ್ತಿದ್ದರೆ ಸಾಕು, ನೀವು ಒಳ್ಳೆಯ ಆಟಗಾರರಾಗಿರಬೇಕಾದ ಅಗತ್ಯವಿಲ್ಲ.

ಮೊದಲೇ ಅರಿತುಕೊಳ್ಳಬೇಕಾದ ನಾಲ್ಕು ಪದಗಳಿವೆ.

ಫಿಡೆ: ಅಂತರರಾಷ್ಟ್ರೀಯ ಚೆಸ್ ಫೆಡರೇಷನ್. ರೇಟಿಂಗ್, ಪದವಿ, ವಿಶ್ವ ಚಾಂಪಿಯನ್‌ಷಿಪ್ ಎಲ್ಲವೂ ಇದರ ಕೈಯಲ್ಲಿವೆ.

ರೇಟಿಂಗ್: ಆಟಗಾರನ ಸದ್ಯದ ಬಲವನ್ನು ಸೂಚಿಸುವ ಅಂಕಿ. ಕ್ಲಾಸಿಕಲ್, ರ‍್ಯಾಪಿಡ್, ಬ್ಲಿಟ್ಜ್ ಮೂರಕ್ಕೂ ಪ್ರತ್ಯೇಕ ರೇಟಿಂಗ್ ಇರುತ್ತದೆ. ಕ್ಲಾಸಿಕಲ್ ಎಂದರೆ ಗಂಟೆಗಟ್ಟಲೆ ನಡೆಯುವ ದೀರ್ಘ ಪಂದ್ಯ. ವಿಶ್ವ ಚಾಂಪಿಯನ್‌ಷಿಪ್ ಮಟ್ಟದಲ್ಲಿ ರ‍್ಯಾಪಿಡ್‌ಗೆ ತಲಾ 15 ನಿಮಿಷ, ಬ್ಲಿಟ್ಜ್‌ಗೆ ತಲಾ 3 ನಿಮಿಷ, ಜೊತೆಗೆ ಪ್ರತಿ ನಡೆಗೆ ಕೆಲವು ಸೆಕೆಂಡು.

ನಾರ್ಮ್: ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ಉನ್ನತ ಮಟ್ಟದ ಟೂರ್ನಿ ಪ್ರದರ್ಶನ. ಸಾಮಾನ್ಯವಾಗಿ ಮೂರು ನಾರ್ಮ್ ಗಳಿಸಿ, ಒಮ್ಮೆಯಾದರೂ 2500 ರೇಟಿಂಗ್ ಮುಟ್ಟಬೇಕು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ರೊಮೇನಿಯದಲ್ಲಿ ಆಡುತ್ತಿದ್ದಾಗ ದಾಟಿದ್ದು ಈ 2500ರ ಗೆರೆಯನ್ನೇ. ಒಮ್ಮೆ ಸಿಕ್ಕ ಪದವಿ ಜೀವನಪೂರ್ತಿ ಇರುತ್ತದೆ. ಆದ್ದರಿಂದ ಗ್ರ್ಯಾಂಡ್‌ಮಾಸ್ಟರ್ ಎಂಬ ಒಂದೇ ಪದ ಆಟಗಾರನ ಇಂದಿನ ಬಲದ ಬಗ್ಗೆ ಹೆಚ್ಚೇನನ್ನೂ ಹೇಳುವುದಿಲ್ಲ.

ಪಿಜಿಎನ್: ಪಂದ್ಯದ ನಡೆಗಳನ್ನು ಬರೆದಿಡುವ ಸರಳ ಪಠ್ಯ ಕಡತ. ಯಾವ ಚೆಸ್ ತಂತ್ರಾಂಶದಲ್ಲಾದರೂ ತೆರೆಯುತ್ತದೆ.

ಹಂತ 1: ಸರಿಯಾದ ವ್ಯಕ್ತಿಯನ್ನು ಗುರುತಿಸಿಕೊಳ್ಳಿ

ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಅರ್ಮೇನಿಯದ ಚೆಸ್‌ನಲ್ಲಿ ಪೆತ್ರೋಸ್ಯಾನ್, ಸರ್ಗ್‌ಸ್ಯಾನ್, ಹೊವಾನಿಸ್ಯಾನ್, ಗ್ರಿಗೋರ್ಯಾನ್ ಎಂಬ ಕುಲನಾಮಗಳು ನಮ್ಮಲ್ಲಿ ಗೌಡ, ಪಾಟೀಲ ಇದ್ದ ಹಾಗೆ. 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವರು ಟಿಗ್ರಾನ್ ವಿ. ಪೆತ್ರೋಸ್ಯಾನ್. ಅದೇ ಹೆಸರಿನ ಟಿಗ್ರಾನ್ ಎಲ್. ಪೆತ್ರೋಸ್ಯಾನ್ ನಮ್ಮ ಕಾಲದ ಗ್ರ್ಯಾಂಡ್‌ಮಾಸ್ಟರ್. ಮಾನ್ವೆಲ್ ಪೆತ್ರೋಸ್ಯಾನ್ ಮೂರನೆಯವರು. ಸಾಲದ್ದಕ್ಕೆ ಒಂದೇ ಕುಲನಾಮವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಹಿರಿಯ ಆಟಗಾರ ಗೇಬ್ರಿಯಲ್ ಅವರ ಕುಲನಾಮವೂ ಯುವಕ ಶಾಂತ್ ಅವರ ಕುಲನಾಮವೂ ಅರ್ಮೇನಿಯನ್ ಲಿಪಿಯಲ್ಲಿ ಒಂದೇ. ಆದರೆ ಫಿಡೆ ಪಟ್ಟಿಯಲ್ಲಿ ಒಬ್ಬರದು 'ಸರ್ಗಿಸಿಯನ್' ಎಂದು ಓದುವಂತಿದೆ, ಇನ್ನೊಬ್ಬರದು 'ಸರ್ಗ್‌ಸ್ಯಾನ್' ಎಂದು. ಹೈಕ್ ಅವರ ಹೆಸರಿನ ಜೊತೆ 'ಎಂ.' ಎಂಬ ಮೊದಲಕ್ಷರ ಕಾಣುವುದೂ ಇಂಥ ಗೊಂದಲ ತಪ್ಪಿಸುವುದಕ್ಕೇ.

ಹೀಗೆ ಮಾಡಿ. ಫಿಡೆಯ ರೇಟಿಂಗ್ ತಾಣಕ್ಕೆ ಹೋಗಿ ಆಟಗಾರನ ಕುಲನಾಮ ಹಾಕಿ ಹುಡುಕಿ. ಒಕ್ಕೂಟದ ಜಾಗದಲ್ಲಿ ಅರ್ಮೇನಿಯ ಇರುವುದನ್ನೂ ಹುಟ್ಟಿದ ವರ್ಷವನ್ನೂ ತಾಳೆ ನೋಡಿ. ಅದು ಸರಿಯಾದರೆ ಅಲ್ಲಿರುವ ಫಿಡೆ ಗುರುತಿನ ಸಂಖ್ಯೆಯನ್ನು ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಮುಂದೆ ಎಲ್ಲ ಕಡೆಯೂ ಹೆಸರಿಗಿಂತ ಈ ಸಂಖ್ಯೆಯಿಂದಲೇ ಹುಡುಕಿ. ಹೆಸರಿನ ಕಾಗುಣಿತ ಟೂರ್ನಿಯಿಂದ ಟೂರ್ನಿಗೆ ಬದಲಾಗಬಹುದು, ಈ ಸಂಖ್ಯೆ ಬದಲಾಗುವುದಿಲ್ಲ.

ಒಕ್ಕೂಟ ಕೂಡ ಬದಲಾಗಬಹುದು ಎಂಬುದು ನೆನಪಿರಲಿ. 2005 ಮತ್ತು 2017ರ ವಿಶ್ವಕಪ್ ಗೆದ್ದ, ಅರ್ಮೇನಿಯದ ಮನೆಮಾತಾಗಿದ್ದ ಲೆವೋನ್ ಅರೋನ್ಯಾನ್ 2021ರಲ್ಲಿ ಅಮೆರಿಕಕ್ಕೆ ಹೋಗುವುದಾಗಿ ಪ್ರಕಟಿಸಿದರು. ಈಗ ಆಡುವುದು ಅಮೆರಿಕದ ಪರವಾಗಿ. ಅವರನ್ನು ಅರ್ಮೇನಿಯದ ಪಟ್ಟಿಯಲ್ಲಿ ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ಹಂತ 2: ರೇಟಿಂಗ್ ಓದುವುದನ್ನು ಕಲಿಯಿರಿ, ಅದಕ್ಕೆ ಮರುಳಾಗಬೇಡಿ

ಫಿಡೆಯ ಅಧಿಕೃತ ಪಟ್ಟಿ ಪ್ರತಿ ತಿಂಗಳ ಒಂದನೇ ತಾರೀಖು ಹೊರಬರುತ್ತದೆ. ಆಟಗಾರನ ಪುಟದಲ್ಲಿ ಹಿಂದಿನ ವರ್ಷಗಳ ಏರಿಳಿತದ ನಕ್ಷೆಯೂ ಇರುತ್ತದೆ, ಆಯಾ ತಿಂಗಳು ಯಾವ ಟೂರ್ನಿಯಲ್ಲಿ ಯಾರ ವಿರುದ್ಧ ಎಷ್ಟು ಅಂಕ ಬಂತು ಅಥವಾ ಹೋಯಿತು ಎಂಬ ಲೆಕ್ಕದ ವಿವರವೂ ಇರುತ್ತದೆ. ಜನ ನಕ್ಷೆಯನ್ನು ನೋಡಿ ಪುಟ ಮುಚ್ಚುತ್ತಾರೆ. ನೀವು ಲೆಕ್ಕದ ವಿವರವನ್ನು ತೆರೆಯಿರಿ, ವಿಷಯ ಇರುವುದು ಅಲ್ಲಿ.

ಲೆಕ್ಕ ಕಷ್ಟದ್ದೇನಲ್ಲ. 2400 ರೇಟಿಂಗ್ ಒಮ್ಮೆ ಮುಟ್ಟಿದವರಿಗೆ ಗುಣಕ 10. ಪಂದ್ಯದಲ್ಲಿ ಗಳಿಸಿದ ಅಂಕದಿಂದ (ಗೆಲುವಿಗೆ 1, ಡ್ರಾಗೆ ಅರ್ಧ, ಸೋಲಿಗೆ 0) ಇಬ್ಬರ ರೇಟಿಂಗ್ ಅಂತರ ನೋಡಿ ಲೆಕ್ಕ ಹಾಕಿದ ನಿರೀಕ್ಷಿತ ಅಂಕವನ್ನು ಕಳೆದು ಹತ್ತರಿಂದ ಗುಣಿಸಿದರೆ ಬದಲಾವಣೆ ಸಿಗುತ್ತದೆ. 2650ರ ಆಟಗಾರ 2550ರವರ ಎದುರು ಕೂತರೆ ನಿರೀಕ್ಷಿತ ಅಂಕ 0.64. ಗೆದ್ದರೆ 3.6 ಏರಿಕೆ, ಡ್ರಾ ಆದರೆ 1.4 ಇಳಿಕೆ, ಸೋತರೆ 6.4 ಇಳಿಕೆ. ಎದುರಾಳಿ 2350ರವರಾದರೆ ನಿರೀಕ್ಷೆ 0.85ಕ್ಕೆ ಏರುತ್ತದೆ. ಆಗ ಗೆದ್ದರೆ ಬರುವುದು ಕೇವಲ 1.5, ಡ್ರಾ ಮಾಡಿಕೊಂಡರೆ ಹೋಗುವುದು 3.5.

ಅರ್ಮೇನಿಯದ ಆಟಗಾರನ ಬದುಕು ಅರ್ಥವಾಗುವುದು ಈ ಅಂಕಿಗಳಿಂದಲೇ. ವಿಶ್ವದ ಅಗ್ರ ಹತ್ತರೊಳಗಿರುವವರಿಗೆ ಆಹ್ವಾನಿತ ಟೂರ್ನಿಗಳಿವೆ. ಅಲ್ಲಿ ಎದುರಾಳಿಗಳೆಲ್ಲ ಸರಿಸಮಾನರು, ಡ್ರಾ ಮಾಡಿದರೆ ಅಷ್ಟೇನೂ ನಷ್ಟವಿಲ್ಲ. 2650ರ ಆಸುಪಾಸಿನಲ್ಲಿ ಇರುವವರಿಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಅವರು ಮುಕ್ತ ಟೂರ್ನಿಗಳಲ್ಲಿ ಆಡಬೇಕು. ಶುಲ್ಕ ಕಟ್ಟಿದ ಯಾರು ಬೇಕಾದರೂ ಆಡಬಹುದಾದ ಟೂರ್ನಿಗಳು ಅವು. ಅಲ್ಲಿ ಎದುರಾಳಿಗಳ ಸರಾಸರಿ 2500 ಎಂದುಕೊಳ್ಳಿ. ಒಂಬತ್ತು ಸುತ್ತಿಗೆ ನಿರೀಕ್ಷಿತ ಅಂಕ 6.3 ಆಗುತ್ತದೆ. ಐದು ಗೆಲುವು, ಎರಡು ಡ್ರಾ, ಎರಡು ಸೋಲು ಎಂದರೆ 6 ಅಂಕ. ನೋಡುವವರಿಗೆ ಒಳ್ಳೆಯ ಪ್ರದರ್ಶನ, ರೇಟಿಂಗ್‌ನಲ್ಲಿ ಮಾತ್ರ 3 ಅಂಕ ಖೋತಾ. 2700 ಮುಟ್ಟುವುದು ಯಾಕಿಷ್ಟು ಕಷ್ಟ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಎಚ್ಚರಿಕೆ: ಕೆಲವು ತಾಣಗಳು ತೋರಿಸುವ 'ಲೈವ್ ರೇಟಿಂಗ್' ಪ್ರತಿ ಪಂದ್ಯದ ನಂತರ ಬದಲಾಗುವ ಅಂದಾಜು. ಅಧಿಕೃತ ಪಟ್ಟಿ ಬರುವ ತನಕ ಅದನ್ನು ದಾಖಲೆಯಾಗಿ ಬರೆದುಕೊಳ್ಳಬೇಡಿ. ಬ್ಲಿಟ್ಜ್ ರೇಟಿಂಗ್ ನೋಡಿ ಕ್ಲಾಸಿಕಲ್ ಎಂದು ಭ್ರಮಿಸುವುದೂ ಸಾಮಾನ್ಯ. ಹೈಕ್ ಅವರಂತೆ ವೇಗದ ಆಟದಲ್ಲಿ ಚುರುಕಾಗಿರುವವರ ವಿಷಯದಲ್ಲಿ ಈ ಎರಡು ಅಂಕಿಗಳು ಬೇರೆ ಬೇರೆ ಕಥೆ ಹೇಳಬಹುದು.

ಹಂತ 3: ವರ್ಷದ ಪಂಚಾಂಗ ಮಾಡಿಕೊಳ್ಳಿ

ಆಟಗಾರ ಎಲ್ಲಿ ಆಡಬಹುದು ಎಂಬ ಅಂದಾಜಿದ್ದರೆ ಹುಡುಕಾಟ ಅರ್ಧ ಮುಗಿದಂತೆ. ಅರ್ಮೇನಿಯದ ಮುಂಚೂಣಿ ಆಟಗಾರರ ವರ್ಷ ಸ್ಥೂಲವಾಗಿ ಈ ನೆಲೆಗಳ ನಡುವೆ ಸುತ್ತುತ್ತದೆ.

ರಾಷ್ಟ್ರೀಯ ಚಾಂಪಿಯನ್‌ಷಿಪ್ ಮೊದಲನೆಯದು. ನಾವು ಇದನ್ನು ಕಡೆಗಣಿಸುವುದೇ ಹೆಚ್ಚು. ಎಲ್ಲರೂ ಎಲ್ಲರೊಂದಿಗೆ ಆಡುವ ಈ ಟೂರ್ನಿಯಲ್ಲಿ ವರ್ಷಗಳಿಂದ ಒಟ್ಟಿಗೆ ತರಬೇತಿ ಪಡೆದವರೇ ಎದುರುಬದುರಾಗುತ್ತಾರೆ. ಡ್ರಾಗಳು ಹೆಚ್ಚು. ಅಷ್ಟು ಪರಿಚಿತರ ನಡುವೆಯೂ ಗೆಲ್ಲುವ ಹುಡುಗ ಯಾರೆಂದು ನೋಡಿ.

ಎರಡನೆಯದು ಯುರೋಪಿಯನ್ ವೈಯಕ್ತಿಕ ಚಾಂಪಿಯನ್‌ಷಿಪ್. ಚೆಸ್ ಆಡಳಿತದ ಮಟ್ಟಿಗೆ ಅರ್ಮೇನಿಯ ಯುರೋಪಿನಲ್ಲಿದೆ. ಹನ್ನೊಂದು ಸುತ್ತಿನ ಈ ಟೂರ್ನಿಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ವಿಶ್ವಕಪ್ ಪ್ರವೇಶ ಸಿಗುತ್ತದೆ. ಆದ್ದರಿಂದ ಇಲ್ಲಿ ಕಣ್ಣಿಡಬೇಕಾದದ್ದು ಚಿನ್ನದ ಪದಕಕ್ಕಿಂತ ಅರ್ಹತೆಯ ಗೆರೆಯ ಮೇಲೆ. ಕೊನೆಯ ಸುತ್ತಿನಲ್ಲಿ ಹತ್ತು ಹದಿನೈದು ನಡೆಗೆ ಡ್ರಾ ಆದ ಪಂದ್ಯ ಕಂಡರೆ ಬೈಯುವ ಮುಂಚೆ ಆ ಗೆರೆ ಎಲ್ಲಿದೆ ಎಂದು ನೋಡಿ.

ವಿಶ್ವಕಪ್ ಎರಡು ವರ್ಷಕ್ಕೊಮ್ಮೆ. 2025ರದ್ದು ಗೋವಾದಲ್ಲಿ ನಡೆಯಿತು. 206 ಆಟಗಾರರು, ಸೋತವರು ಹೊರಗೆ. ಪ್ರತಿ ಸುತ್ತಿನಲ್ಲಿ ಎರಡು ಕ್ಲಾಸಿಕಲ್ ಪಂದ್ಯ, ಸಮವಾದರೆ ಮೂರನೇ ದಿನ ವೇಗದ ಪಂದ್ಯಗಳ ಟೈಬ್ರೇಕ್. ಬ್ಲಿಟ್ಜ್‌ನಲ್ಲಿ ಕೈ ಪಳಗಿದವರು ಇಲ್ಲಿ ತಮಗಿಂತ ಬಲಶಾಲಿಗಳನ್ನು ಟೈಬ್ರೇಕ್‌ವರೆಗೆ ಎಳೆದುಕೊಂಡು ಹೋಗಲು ನೋಡುತ್ತಾರೆ. ಈ ಟೂರ್ನಿಯ ಅಗ್ರ ಮೂವರು ಕ್ಯಾಂಡಿಡೇಟ್ಸ್‌ಗೆ, ಅಂದರೆ ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಎಂಟು ಜನರ ಟೂರ್ನಿಗೆ ಹೋಗುತ್ತಾರೆ. ಗ್ರ್ಯಾಂಡ್ ಸ್ವಿಸ್ ಎಂಬ ಇನ್ನೊಂದು ಟೂರ್ನಿಯಿಂದಲೂ ಅಲ್ಲಿಗೆ ದಾರಿಯಿದೆ.

ಡಿಸೆಂಬರ್ ಕೊನೆಯ ವಾರ ವಿಶ್ವ ರ‍್ಯಾಪಿಡ್ ಮತ್ತು ಬ್ಲಿಟ್ಜ್. ರಜೆಯ ದಿನಗಳಾದ್ದರಿಂದ ನೋಡಲು ಅನುಕೂಲ.

ಇನ್ನು ಜೆರ್ಮುಕ್. ಬಿಸಿನೀರಿನ ಖನಿಜ ಬುಗ್ಗೆಗಳಿಗೆ ಹೆಸರಾದ ಈ ಬೆಟ್ಟದ ಪಟ್ಟಣದಲ್ಲಿ ಸ್ತೆಪಾನ್ ಅವಗ್ಯಾನ್ ಸ್ಮಾರಕ ಟೂರ್ನಿ ನಡೆಯುತ್ತದೆ. 2024ರಲ್ಲಿ ಅರ್ಜುನ್ ಇರಿಗೇಶಿ ಗೆದ್ದದ್ದೂ, 2025ರಲ್ಲಿ ಅರವಿಂದ್ ಚಿದಂಬರಂ ಟೈಬ್ರೇಕ್‌ನಲ್ಲಿ ಪ್ರಜ್ಞಾನಂದ ಅವರನ್ನು ಹಿಂದಿಕ್ಕಿದ್ದೂ ಇಲ್ಲೇ. ಭಾರತದ ಓದುಗರಿಗೆ ಅರ್ಮೇನಿಯದ ಆಟ ನೋಡಲು ಇದಕ್ಕಿಂತ ಒಳ್ಳೆಯ ಪ್ರವೇಶ ಇಲ್ಲ, ನಮ್ಮವರೂ ಅವರೂ ಒಂದೇ ಕೋಷ್ಟಕದಲ್ಲಿ ಸಿಗುತ್ತಾರೆ.

ಕ್ಲಬ್ ಲೀಗ್‌ಗಳನ್ನು ಮರೆಯಬೇಡಿ. ಜರ್ಮನಿಯ ಬುಂಡೆಸ್‌ಲಿಗಾದಂಥ ಲೀಗ್‌ಗಳಲ್ಲಿ ವಿದೇಶಿ ಗ್ರ್ಯಾಂಡ್‌ಮಾಸ್ಟರ್‌ಗಳು ಸಂಭಾವನೆ ಪಡೆದು ವಾರಾಂತ್ಯಗಳಲ್ಲಿ ಆಡುತ್ತಾರೆ. ಹೊಟ್ಟೆಪಾಡಿನ ದೊಡ್ಡ ಭಾಗ ಇಂಥ ಕಡೆಯಿಂದಲೇ ಬರುವುದು. 'ಎರಡು ತಿಂಗಳಿಂದ ಆಡಿಯೇ ಇಲ್ಲ' ಎಂದು ನೀವು ಭಾವಿಸಿದ ಆಟಗಾರ ಅಲ್ಲಿ ಆರು ಪಂದ್ಯ ಆಡಿ ಮುಗಿಸಿರುತ್ತಾನೆ.

ಕೊನೆಯದಾಗಿ ತಂಡ ಪಂದ್ಯಗಳು: ಒಲಿಂಪಿಯಾಡ್ ಮತ್ತು ಯುರೋಪಿಯನ್ ತಂಡ ಚಾಂಪಿಯನ್‌ಷಿಪ್. 2006, 2008, 2012ರಲ್ಲಿ ಅರ್ಮೇನಿಯ ಒಲಿಂಪಿಯಾಡ್ ಚಿನ್ನ ಗೆದ್ದಿದೆ. 2011ರಿಂದ ಶಾಲೆಯ ಎರಡರಿಂದ ನಾಲ್ಕನೇ ತರಗತಿಯವರೆಗೆ ಚೆಸ್ ಕಡ್ಡಾಯ. 2000 ದ್ರಾಮ್ ನೋಟಿನ ಮೇಲೆ ಟಿಗ್ರಾನ್ ಪೆತ್ರೋಸ್ಯಾನ್ ಅವರ ಚಿತ್ರವಿದೆ. ಇಂಥ ದೇಶದಲ್ಲಿ ತಂಡದ ಆಯ್ಕೆ ಊರಿನ ಚರ್ಚೆಯಾಗುತ್ತದೆ. ನಿಮ್ಮ ಆಟಗಾರನಿಗೆ ಎಷ್ಟನೇ ಬೋರ್ಡ್ ಸಿಕ್ಕಿತು ಎಂಬುದನ್ನು ಬರೆದಿಡಿ. ಒಂದನೇ ಬೋರ್ಡ್ ಎಂದರೆ ಎದುರಾಳಿ ತಂಡದ ಅತ್ಯಂತ ಬಲಶಾಲಿಯನ್ನು ಎದುರಿಸುವ ಜಾಗ.

ಹಂತ 4: ಚೆಸ್ ರಿಸಲ್ಟ್ಸ್ ಪುಟವನ್ನು ಓದುವುದು

ಮುಕ್ತ ಟೂರ್ನಿಗಳ ಫಲಿತಾಂಶ ಹೆಚ್ಚಾಗಿ ಸಿಗುವುದು ಆಸ್ಟ್ರಿಯಾ ಮೂಲದ ಚೆಸ್ ರಿಸಲ್ಟ್ಸ್ ತಾಣದಲ್ಲಿ. ನೋಡಲು ಹಳೆಯ ಕಾಲದ ಕಚೇರಿ ಕಡತದಂತಿದೆ, ಆದರೆ ಬೇಕಾದದ್ದೆಲ್ಲ ಅಲ್ಲಿದೆ. ಆಟಗಾರರ ಹುಡುಕಾಟದ ಪುಟದಲ್ಲಿ ಫಿಡೆ ಸಂಖ್ಯೆ ಹಾಕಿದರೆ ಅವರು ಆಡಿದ, ಆಡುತ್ತಿರುವ ಮತ್ತು ಕೆಲವೊಮ್ಮೆ ಹೆಸರು ನೋಂದಾಯಿಸಿರುವ ಟೂರ್ನಿಗಳ ಪಟ್ಟಿ ಬರುತ್ತದೆ. ಮುಂದಿನ ಟೂರ್ನಿಯನ್ನು ಸುದ್ದಿಗೂ ಮುಂಚೆ ತಿಳಿಯುವ ಉಪಾಯ ಇದೇ.

ಟೂರ್ನಿ ಕೋಷ್ಟಕದ ಪ್ರತಿ ಚೌಕದಲ್ಲಿ ಒಂದು ಚಿಕ್ಕ ಸಂಕೇತವಿರುತ್ತದೆ. ಮೊದಲು ಎದುರಾಳಿಯ ಕ್ರಮಸಂಖ್ಯೆ, ನಡುವೆ ಬಣ್ಣವನ್ನು ಸೂಚಿಸುವ ಒಂದು ಇಂಗ್ಲಿಷ್ ಅಕ್ಷರ, ಕೊನೆಯಲ್ಲಿ ಫಲಿತಾಂಶ. 'ಡಬ್ಲ್ಯು' ಎಂದರೆ ನಿಮ್ಮ ಆಟಗಾರನದು ಬಿಳಿ ಕಾಯಿ, 'ಬಿ' ಎಂದರೆ ಕಪ್ಪು. 23, ಡಬ್ಲ್ಯು, 1 ಎಂದಿದ್ದರೆ 23ನೇ ಕ್ರಮಸಂಖ್ಯೆಯವರ ವಿರುದ್ಧ ಬಿಳಿ ಕಾಯಿಗಳಲ್ಲಿ ಆಡಿ ಗೆದ್ದರು ಎಂದರ್ಥ. 7, ಬಿ, ½ ಎಂದರೆ 7ನೇ ಕ್ರಮಸಂಖ್ಯೆಯವರ ಜೊತೆ ಕಪ್ಪು ಕಾಯಿಗಳಲ್ಲಿ ಡ್ರಾ. ಎರಡು ದಿನ ನೋಡಿದರೆ ಕಣ್ಣಿಗೆ ಒಗ್ಗಿಬಿಡುತ್ತದೆ. ಆಮೇಲೆ ಒಂದು ಸಾಲು ಓದಿದರೆ ಇಡೀ ಟೂರ್ನಿ ಕಣ್ಣಮುಂದೆ ಬರುತ್ತದೆ: ಎರಡನೇ ಸುತ್ತಿನಲ್ಲಿ ಕೆಳಗಿನವರೊಬ್ಬರ ಜೊತೆ ಎಡವಿ, ಅಲ್ಲಿಂದ ಹಿಂದೆ ಬಿದ್ದು, ಕೊನೆಯ ಮೂರು ಪಂದ್ಯ ಗೆದ್ದು ಬಹುಮಾನದ ಸ್ಥಾನಕ್ಕೆ ಬಂದದ್ದು.

ಇಂಥ ಟೂರ್ನಿಗಳು ಸ್ವಿಸ್ ಮಾದರಿಯವು. ಪ್ರತಿ ಸುತ್ತಿನಲ್ಲೂ ಸಮಾನ ಅಂಕ ಇರುವವರನ್ನು ಜೋಡಿ ಮಾಡುತ್ತಾರೆ, ಯಾರೂ ಹೊರಬೀಳುವುದಿಲ್ಲ. ಹೀಗಾಗಿ ಐದನೇ ಸುತ್ತಿಗೆ ಹನ್ನೆರಡನೇ ಸ್ಥಾನದಲ್ಲಿದ್ದಾರೆ ಎಂದು ನಿರಾಶರಾಗಬೇಕಿಲ್ಲ. ಅರ್ಧ ಅಂಕದ ಅಂತರದಲ್ಲಿ ಹತ್ತಾರು ಜನರಿರುತ್ತಾರೆ. ಅಂಕ ಸಮವಾದಾಗ ಸ್ಥಾನ ನಿರ್ಧರಿಸುವ 'ಬುಕ್‌ಹೋಲ್ಟ್ಸ್' ಎಂಬ ಅಂಕಣವೂ ಅಲ್ಲಿರಬಹುದು. ಅದು ನಿಮ್ಮ ಎದುರಾಳಿಗಳೆಲ್ಲ ಗಳಿಸಿದ ಅಂಕಗಳ ಮೊತ್ತ. ಬಲವಾದವರೊಡನೆ ಆಡಿದವರು ಮೇಲೆ ಬರುತ್ತಾರೆ.

ಇಲ್ಲಿ ಎರಡು ಹೊಂಡಗಳಿವೆ. ಟೂರ್ನಿ ಮುಗಿದು ಕೆಲವು ದಿನಗಳಾಗಿದ್ದರೆ ಪುಟ ಖಾಲಿಯಂತೆ ಕಾಣುತ್ತದೆ. ವಿವರ ತೋರಿಸುವ ಗುಂಡಿಯನ್ನು ಒತ್ತಿದರೆ ಮಾತ್ರ ಕೋಷ್ಟಕಗಳು ತೆರೆದುಕೊಳ್ಳುತ್ತವೆ. ಬಹಳ ಜನ 'ತೆಗೆದುಹಾಕಿದ್ದಾರೆ' ಎಂದುಕೊಂಡು ಹಿಂತಿರುಗುತ್ತಾರೆ. ಇನ್ನೊಂದು, ಆಡದೇ ಬಂದ ಅಂಕ. ಎದುರಾಳಿ ಗೈರಾದರೂ ಕೋಷ್ಟಕದಲ್ಲಿ ಅಂಕ ಸೇರುತ್ತದೆ, ಆದರೆ ರೇಟಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಚೌಕದಲ್ಲಿ ಗುರುತು ಬೇರೆಯೇ ಇರುತ್ತದೆ, ಎಣಿಸುವಾಗ ಬಿಟ್ಟುಬಿಡಿ.

ಹಂತ 5: ನೇರಪ್ರಸಾರ ನೋಡುವುದು

ಅರ್ಮೇನಿಯದ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಯೆರೆವಾನ್‌ನಲ್ಲಿ ಮಧ್ಯಾಹ್ನ 3ಕ್ಕೆ ಶುರುವಾಗುವ ಸುತ್ತು ನಮಗೆ ಸಂಜೆ 4.30. ಜರ್ಮನಿ, ಫ್ರಾನ್ಸ್ ಕಡೆಯ 3 ಗಂಟೆ ಚಳಿಗಾಲದಲ್ಲಿ ನಮಗೆ ಸಂಜೆ 7.30, ಬೇಸಿಗೆಯಲ್ಲಿ 6.30. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ಅವರು ಗಡಿಯಾರ ಬದಲಿಸುತ್ತಾರೆ, ಅರ್ಮೇನಿಯದವರು ಬದಲಿಸುವುದಿಲ್ಲ. ಲೀಗ್ ಪಂದ್ಯ ಒಂದು ಗಂಟೆ ತಪ್ಪಿಹೋಗುವುದು ಈ ಕಾರಣಕ್ಕೆ.

ಲಿಚೆಸ್‌ನ ಪ್ರಸಾರ ವಿಭಾಗದಲ್ಲಿ ಬಹುತೇಕ ದೊಡ್ಡ ಟೂರ್ನಿಗಳು ಉಚಿತವಾಗಿ ಸಿಗುತ್ತವೆ. ಚೆಸ್ ಡಾಟ್ ಕಾಮ್‌ನಲ್ಲೂ ಇಂಥದೇ ವಿಭಾಗವಿದೆ. ಮೋಸ ತಡೆಯಲು ಕೆಲವು ಪ್ರಸಾರಗಳನ್ನು ಹತ್ತು ಹದಿನೈದು ನಿಮಿಷ ತಡವಾಗಿ ಬಿಡುತ್ತಾರೆ. ಪರದೆಯಲ್ಲಿ ನಡೆ ನಿಂತುಹೋಗಿದೆ ಎಂದು ಗಾಬರಿಯಾಗಬೇಡಿ. ದೊಡ್ಡ ಮುಕ್ತ ಟೂರ್ನಿಗಳಲ್ಲಿ ಮೇಲಿನ ಕೆಲವು ಬೋರ್ಡ್‌ಗಳು ಮಾತ್ರ ಪ್ರಸಾರವಾಗುತ್ತವೆ. ನಿಮ್ಮ ಆಟಗಾರ ಒಂದು ಸುತ್ತು ಸೋತರೆ ಮರುದಿನ ಪರದೆಯಿಂದ ಮಾಯವಾಗಬಹುದು. ಆಗ ಫಲಿತಾಂಶಕ್ಕೆ ಚೆಸ್ ರಿಸಲ್ಟ್ಸ್ ಒಂದೇ ಗತಿ.

ಪಕ್ಕದಲ್ಲಿ ಏರಿಳಿಯುವ ಕಪ್ಪು-ಬಿಳುಪಿನ ಪಟ್ಟಿ ಇದೆಯಲ್ಲ, ಕಂಪ್ಯೂಟರ್ ಎಂಜಿನ್‌ನ ತೀರ್ಪು ತೋರಿಸುವುದು, ಅದನ್ನು ಮೊದಲ ಸಲ ನೋಡುವಾಗ ಮುಚ್ಚಿಡಿ ಎಂಬುದು ನನ್ನ ಹಟದ ಸಲಹೆ. ಅದು ತೆರೆದಿದ್ದರೆ ಪಂದ್ಯ ನೋಡುವುದಿಲ್ಲ, ಪಟ್ಟಿ ನೋಡುತ್ತೀರಿ. ನಲವತ್ತನೇ ನಡೆಯ ಹತ್ತಿರ ಸಮಯ ಮುಗಿಯುತ್ತಾ ಬಂದಾಗ ಮನುಷ್ಯ ಆಡುವ ನಡೆಗೂ ಎಂಜಿನ್ ಹೇಳುವ ನಡೆಗೂ ಸಂಬಂಧವೇ ಇರುವುದಿಲ್ಲ. ಗಡಿಯಾರವನ್ನು ನೋಡಿ. ಇಪ್ಪತ್ತನೇ ನಡೆಗೆ ಎದುರಾಳಿಯ ಬಳಿ ಒಂದು ಗಂಟೆ, ನಿಮ್ಮ ಆಟಗಾರನ ಬಳಿ ಹನ್ನೆರಡು ನಿಮಿಷ ಇದ್ದರೆ ಸ್ಥಿತಿ ಸಮವಾಗಿದ್ದರೂ ಕಥೆ ಸಮವಾಗಿಲ್ಲ.

ಹಂತ 6: ಪಂದ್ಯಗಳನ್ನು ಸಂಗ್ರಹಿಸಿ

ಪ್ರತಿ ಟೂರ್ನಿ ಮುಗಿದಾಗ ಆ ಆಟಗಾರನ ಪಂದ್ಯಗಳನ್ನು ಮಾತ್ರ ಬೇರ್ಪಡಿಸಿ ಒಂದೇ ಪಿಜಿಎನ್ ಕಡತಕ್ಕೆ ಸೇರಿಸುತ್ತಾ ಹೋಗಿ. ಲಿಚೆಸ್ ಪ್ರಸಾರದಿಂದ ಇಳಿಸಿಕೊಳ್ಳಬಹುದು. 1994ರಿಂದ ನಡೆದು ಬಂದಿರುವ 'ದಿ ವೀಕ್ ಇನ್ ಚೆಸ್' ತಾಣ ವಾರಕ್ಕೊಮ್ಮೆ ಜಗತ್ತಿನ ಸಾವಿರಾರು ಪಂದ್ಯಗಳನ್ನು ಉಚಿತವಾಗಿ ಕೊಡುತ್ತದೆ, ಅಲ್ಲಿಂದಲೂ ಹೆಕ್ಕಬಹುದು. ಕಡತ ದೊಡ್ಡದಾದಂತೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಬಿಳಿ ಕಾಯಿಗಳಲ್ಲಿ ಮೊದಲ ನಡೆ ಈ ವರ್ಷ ಬದಲಾಗಿದೆಯೇ? ಕಪ್ಪು ಕಾಯಿಗಳಲ್ಲಿ ಸಿಸಿಲಿಯನ್ ಎಂಬ ಆರಂಭದ ಕ್ರಮ ಬಿಟ್ಟು ಬೇರೆ ಏನನ್ನಾದರೂ ಹಿಡಿದಿದ್ದಾರೆಯೇ? ಬದಲಾಗಿದ್ದರೆ ಯಾವ ಟೂರ್ನಿಯಿಂದ? ಆರಂಭಿಕ ನಡೆಗಳ ಬದಲಾವಣೆ ಎಂದರೆ ತೆರೆಮರೆಯಲ್ಲಿ ತಿಂಗಳುಗಟ್ಟಲೆ ಕೆಲಸ ನಡೆದಿದೆ ಎಂದರ್ಥ. ಸಂದರ್ಶನಗಳಲ್ಲಿ ಅವರು ಹೇಳದೇ ಇರುವುದು ಇಲ್ಲಿ ಕಾಣುತ್ತದೆ.

ಎಲ್ಲ ಪಂದ್ಯಗಳನ್ನೂ ಕೂಲಂಕಷವಾಗಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಟೂರ್ನಿಗೆ ಎರಡು ಪಂದ್ಯ ಆರಿಸಿ: ಒಂದು ಸೋತದ್ದು, ಇನ್ನೊಂದು ಬಹಳ ಹೊತ್ತು ನಡೆದು ಡ್ರಾ ಆದದ್ದು. ಮಿಂಚಿನ ಗೆಲುವುಗಳನ್ನು ತೋರಿಸಲು ಯೂಟ್ಯೂಬ್‌ನಲ್ಲಿ ನೂರು ಜನರಿದ್ದಾರೆ. ಎಂಬತ್ತು ನಡೆ ಹೋರಾಡಿ ಒಂದು ಪಾನ್ (ಕಾಲಾಳು) ಕಡಿಮೆ ಇದ್ದರೂ ಉಳಿಸಿಕೊಂಡ ಅರ್ಧ ಅಂಕವನ್ನು ಯಾರೂ ತೋರಿಸುವುದಿಲ್ಲ.

ಹಂತ 7: ಸುದ್ದಿಯನ್ನು ಸೋಸಿಕೊಳ್ಳಿ

ಅರ್ಮೇನಿಯದ ಚೆಸ್ ಫೆಡರೇಷನ್‌ನ ತಾಣ ಮತ್ತು ಅರ್ಮೆನ್‌ಪ್ರೆಸ್ ಸುದ್ದಿಸಂಸ್ಥೆಯ ಇಂಗ್ಲಿಷ್ ಆವೃತ್ತಿ ಎರಡನ್ನೂ ಉಳಿಸಿಟ್ಟುಕೊಳ್ಳಿ. ಅರ್ಮೇನಿಯನ್ ಭಾಷೆಯ ಸುದ್ದಿ ಬೇಕಾದರೆ ಆಟಗಾರನ ಹೆಸರನ್ನು ವಿಕಿಪೀಡಿಯ ಪುಟದಿಂದ ಅವರ ಲಿಪಿಯಲ್ಲೇ ನಕಲು ಮಾಡಿ ಹುಡುಕಿ, ಬ್ರೌಸರಿನ ಅನುವಾದ ಸೌಲಭ್ಯ ಬಳಸಿ. ಯಂತ್ರಾನುವಾದದಲ್ಲಿ ಗೆಲುವು-ಸೋಲು ಅದಲುಬದಲಾಗುವುದುಂಟು. ಫಲಿತಾಂಶವನ್ನು ಕೋಷ್ಟಕದೊಂದಿಗೆ ತಾಳೆ ನೋಡದೆ ಯಾರಿಗೂ ಹೇಳಬೇಡಿ.

ಸಾಮಾಜಿಕ ಜಾಲತಾಣದ ಚಪ್ಪಾಳೆಗಳ ಬಗ್ಗೆ ಒಂದು ಮಾತು. ಆನ್‌ಲೈನ್ ಬ್ಲಿಟ್ಜ್‌ನಲ್ಲಿ ಕಾರ್ಲ್‌ಸನ್ ಅವರನ್ನು ಸೋಲಿಸಿದ ಚಿತ್ರ ಬಂತೆಂದರೆ 'ಹೊಸ ತಾರೆ' ಎಂಬ ಕೂಗು ಏಳುತ್ತದೆ. ಪ್ರತಿ ಮಂಗಳವಾರ ಚೆಸ್ ಡಾಟ್ ಕಾಮ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್‌ನಂಥ ಚೆಸ್ ಪದವಿ ಇರುವ ಆಟಗಾರರಿಗಾಗಿ ನಡೆಯುವ ಟೂರ್ನಿಯಲ್ಲಿ ಅಂಥ ಗೆಲುವು ಅಪರೂಪವೇನಲ್ಲ, ಅದು ಫಿಡೆ ರೇಟಿಂಗ್‌ಗೆ ಸೇರುವುದೂ ಇಲ್ಲ. ನೋಡಿ ಖುಷಿಪಡಿ, ನೋಟ್‌ಪುಸ್ತಕದಲ್ಲಿ ಬೇರೆ ಪುಟದಲ್ಲಿ ಬರೆಯಿರಿ.

ಹಂತ 8: ಟೂರ್ನಿಗೆ ಒಂದು ಸಾಲು ಬರೆಯಿರಿ

ಟೂರ್ನಿಯ ಹೆಸರು, ಊರು, ಅಂಕ, ಎದುರಾಳಿಗಳ ಸರಾಸರಿ ರೇಟಿಂಗ್, ರೇಟಿಂಗ್ ಬದಲಾವಣೆ, ನೀವು ನೋಡಿದ ಎರಡು ಪಂದ್ಯ. ಇಷ್ಟೇ ಸಾಕು. ಎದುರಾಳಿಗಳ ಸರಾಸರಿಯ ಅಂಕಣವನ್ನು ಮಾತ್ರ ಎಂದೂ ಖಾಲಿ ಬಿಡಬೇಡಿ. ಏರುತ್ತಿರುವ ಆಟಗಾರನ ವಿಷಯದಲ್ಲಿ ಮೊದಲು ಏರುವುದು ಈ ಅಂಕಿ. ಒಳ್ಳೆಯ ಟೂರ್ನಿಗಳಿಗೆ ಆಹ್ವಾನ ಬರತೊಡಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಸ್ವಂತ ರೇಟಿಂಗ್ ಆಗ ಒಂದಿಷ್ಟು ಕುಸಿದರೂ ಚಿಂತೆಯಿಲ್ಲ. ರೇಟಿಂಗ್ ಏರುತ್ತಿದ್ದು ಎದುರಾಳಿಗಳ ಸರಾಸರಿ ವರ್ಷವಿಡೀ ಅಲ್ಲೇ ನಿಂತಿದ್ದರೆ, ಆ ಏರಿಕೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕಣ್ಣಾರೆ ನೋಡಬೇಕೆಂದರೆ

ಅರ್ಮೇನಿಯದ ಗ್ರ್ಯಾಂಡ್‌ಮಾಸ್ಟರ್‌ಗಳು ಭಾರತದ ಮುಕ್ತ ಟೂರ್ನಿಗಳಿಗೂ ಬರುವುದುಂಟು. ಭಾರತದಲ್ಲಿ ಟೂರ್ನಿ ಪ್ರಕಟವಾದಾಗಲೆಲ್ಲ ಚೆಸ್ ರಿಸಲ್ಟ್ಸ್‌ನ ನೋಂದಣಿ ಪಟ್ಟಿಯಲ್ಲಿ ಅರ್ಮೇನಿಯದ ಬಾವುಟ ಇದೆಯೇ ಎಂದು ನೋಡಿ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬರುತ್ತಾರೆಂದು ಖಾತ್ರಿಯಿಲ್ಲ, ಮೊದಲ ಸುತ್ತಿನ ಜೋಡಿ ಪ್ರಕಟವಾದ ಮೇಲೆ ರೈಲು ಟಿಕೆಟ್ ಮಾಡಿಸಿ. ಯೆರೆವಾನ್‌ಗೇ ಹೋಗುವ ಉತ್ಸಾಹವಿದ್ದರೆ ಅರ್ಮೇನಿಯ ಇ-ವೀಸಾ ಕೊಡುತ್ತದೆ. ನಗರದಲ್ಲಿರುವ ಟಿಗ್ರಾನ್ ಪೆತ್ರೋಸ್ಯಾನ್ ಚೆಸ್ ಭವನವನ್ನು ನೋಡಿಕೊಂಡು, ಟೂರ್ನಿ ಇದ್ದರೆ ಜೆರ್ಮುಕ್‌ಗೆ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರ್ ಪ್ರಯಾಣ.

ಎಲ್ಲಿ ಹೋದರೂ ಮೊಬೈಲನ್ನು ಸಭಾಂಗಣದ ಹೊರಗೇ ಇಡಬೇಕಾಗಬಹುದು, ಕೈಗಡಿಯಾರವನ್ನೂ ತೆಗೆಯಲು ಹೇಳಬಹುದು. ಪಂದ್ಯ ನಡೆಯುವಾಗ ಆಟಗಾರನೊಂದಿಗೆ ಮಾತನಾಡಲು ಹೋಗಬೇಡಿ, ನಡೆಗಳ ಬಗ್ಗೆ ಪಕ್ಕದವರೊಡನೆ ಪಿಸುಗುಟ್ಟಲೂ ಬೇಡಿ. ತೀರ್ಪುಗಾರರು ಹೊರಗೆ ಕಳುಹಿಸುತ್ತಾರೆ. ಹಸ್ತಾಕ್ಷರ ಬೇಕಾದರೆ ಪಂದ್ಯ ಮುಗಿದು ಅವರು ಅಂಕಪಟ್ಟಿಗೆ ಸಹಿ ಹಾಕಿ ಹೊರಗೆ ಬರುವ ತನಕ ಕಾಯಿರಿ. ಸೋತ ದಿನ ಕೇಳಬೇಡಿ.